ಮಂಜೂರು ವಾಪಸ್ ಕೇಳಿದ ಅಧ್ಯಕ್ಷರು

ಅವರ ಎಡಗೈ ಹೆಬ್ಬೆರಳಿನ ಉಗುರು ಯಾವಾಗಲೂ ಸುಣ್ಣ ಮೆತ್ತಿ ಬೆಳ್ಳಗಿರುತ್ತಿತ್ತು. ಎಲೆಗೆ ಸವರಿ ಉಳಿದ ಸುಣ್ಣಕ್ಕೆ ಆ ಉಗುರೇ ಡಬ್ಬಿ. ಹೀಗಾಗಿ ಅವರು ಸಹಿ ಮಾಡಿದ ಕಾಗದ ಗದಗಿನ ಯಾವ ಕಚೇರಿಗೆ ಹೋದರೂ ಅಂಚಿನಲ್ಲೊಂದು ಬಿಳಿ ಗುರುತು ಹೊತ್ತೇ ಹೋಗುತ್ತಿತ್ತು. ಮುದ್ರೆ ಮರೆತರೂ ನಡೆದೀತು, ಇದೊಂದು ಸಾಕು ಎಂದು ನಾವು ನಗುತ್ತಿದ್ದೆವು.

ಅವರು ನಮ್ಮೂರ ಗ್ರಾಮ ಪಂಚಾಯ್ತಿ ಅಧ್ಯಕ್ಷರು, ಊರಿನ ಪತ್ತಿನ ಸಹಕಾರಿ ಸಂಘದಲ್ಲಿ ಡೈರೆಕ್ಟರು. ಗದಗ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಪ್ರತಿ ಕೆಲಸಕ್ಕೂ ಧಾರವಾಡದ ಬಸ್ಸು ಕಾಯುವುದು ತಪ್ಪಿತೆಂದು ಅವರಿಗೆ ಮದುವೆಮನೆಯ ಸಂಭ್ರಮ. ಜಿಲ್ಲಾ ಅಂದ್ರ ಹಿಂಗಿರಬೇಕು, ರೊಟ್ಟಿ ಆರೂದ್ರಾಗ ಮನಿಗೆ ಬರಬೇಕು ಎನ್ನುವರು.

ಅದೇ ಸಂಘದಲ್ಲಿ ನಾನು ತಾತ್ಕಾಲಿಕ ಗುಮಾಸ್ತೆ. ಅಪ್ಪ ತೀರಿಕೊಂಡಿದ್ದ. ತಾಯಿ, ಸಣ್ಣ ತಮ್ಮ ಇಬ್ಬರ ಊಟವೂ ನನ್ನ ಪಗಾರದ ಮೇಲೆ. ಆ ವರ್ಷದ ಮಹಾಸಭೆಯಲ್ಲಿ ನನ್ನನ್ನು ಖಾಯಂ ಮಾಡುವುದೆಂದು ಆಡಳಿತ ಮಂಡಳಿಯಲ್ಲಿ ಮಾತಾಗಿತ್ತು. ಈ ಸರ್ತಿ ನಿಂದು ಆತು ತಿಳಕೊ ತಂಗಿ ಎಂದು ಅಧ್ಯಕ್ಷರೇ ಹೇಳಿದ್ದರು.

ನಮ್ಮ ಮಹಾಸಭೆಯ ಪದ್ಧತಿ ನೋಡಿದವರಿಗೇ ಗೊತ್ತು. ಸಂಘದ ಚೇರಮನ್ನರು ಯಾರೋ ಬೆನ್ನು ಹತ್ತಿದವರ ಹಾಗೆ ವಿಷಯಗಳನ್ನು ಓದುವರು. ಒಂದೊಂದರ ಕೊನೆಗೂ ಜನ ಒಕ್ಕೊರಲಿನಿಂದ "ಮಂಜೂರ್" ಎನ್ನುವರು. ಯಾರೂ ಕೇಳುತ್ತಿರಲಿಲ್ಲ. ಎಲ್ಲರ ಕಿವಿ ಹಿತ್ತಲಲ್ಲಿ ಕರಿಯುತ್ತಿದ್ದ ಮಿರ್ಚಿ ಭಜಿಯ ಕಡೆಗೇ. ಅಧ್ಯಕ್ಷರಂತೂ ಎಲೆ ಮಡಿಸುತ್ತ, ತಲೆ ಎತ್ತದೆಯೇ, ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಮಂಜೂರ್ ಎನ್ನುವರು.

ಆ ವರ್ಷ ಚೇರಮನ್ನರು ಖಾಯಂ ಗುಮಾಸ್ತರ ಹುದ್ದೆಗೆ ಒಂದು ಹೆಸರು ಓದಿದರು. ಅದು ನನ್ನದಲ್ಲ, ಅಧ್ಯಕ್ಷರ ಮಗನದು. ಜನ ಮಂಜೂರ್ ಎಂದರು. ಅಧ್ಯಕ್ಷರ ದನಿ ಎಲ್ಲರ ಮೇಲೆ ಕೇಳಿತು.

ಠರಾವು ಬರೆಯುತ್ತಿದ್ದ ನನ್ನ ಕೈ ನಿಂತಿತು. ತಂಗಿ ಎಂದು ಕರೆದ ಬಾಯಿಯೇ ಹೀಗಂದಿತೇ? ಗೇಟಿನ ಹತ್ತಿರ ಅವರ ಮಗ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ. ಅವನಿಗೆ ಖಬರ ಮೊದಲೇ ಮುಟ್ಟಿತ್ತು.

ಎಲೆ ಅಧ್ಯಕ್ಷರ ಬಾಯಿಯ ಹತ್ತಿರ ಹೋಗಿ ನಿಂತಿತು. ಯಾರ ಹೆಸರು ಓದಿದ್ರಿ ಎಂದು ಕೇಳಿದರು. ಅವರನ್ನು ಖುಷಿಪಡಿಸಲೆಂದೇ ಗುಟ್ಟಾಗಿ ಹೆಸರು ಬದಲಿಸಿದ್ದ ಚೇರಮನ್ನರು ನಗುನಗುತ್ತ ಮತ್ತೊಮ್ಮೆ ಓದಿದರು. ಅಧ್ಯಕ್ಷರ ಮುಖದ ರಕ್ತ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ.

"ನಾ ಕೇಳದನ ಮಂಜೂರ್ ಅಂದೀನಿ. ನನ್ನ ಮಂಜೂರ್ ನನಗ ವಾಪಸ್ ಕೊಡ್ರಿ," ಎಂದರು.

ಹಾಸ್ಯವೆಂದುಕೊಂಡು ಜನ ನಕ್ಕರು. ಅವರು ನಗಲಿಲ್ಲ. ತಾನು ಡೈರೆಕ್ಟರ್ ಇರುವತನಕ ತನ್ನ ಮಗನಿಗೆ ಇಲ್ಲಿ ನೌಕರಿ ಇಲ್ಲ ಎಂದರು. ಹಾಗಾದರೆ ರಾಜೀನಾಮೆ ಕೊಡಿ, ಹುಡುಗನಿಗೊಂದು ದಾರಿಯಾಗುತ್ತದೆ ಎಂದು ಹಿಂದಿನಿಂದ ಯಾರೋ ಅಂದರು. ಅಧ್ಯಕ್ಷರು ಒಮ್ಮೆ ಗೇಟಿನ ಕಡೆ ನೋಡಿದರು.

"ಹಂಗಾರ ಸಾಯೂತನಕ ಡೈರೆಕ್ಟರ್ ಇರ್ತೀನಿ. ಆ ಹುಡುಗಿ ಹೆಸರು ಬರೀರಿ."

ಆಗ ಯಾರೂ ಮಂಜೂರ್ ಎಂದು ಕೂಗಲಿಲ್ಲ. ಒಬ್ಬೊಬ್ಬರಾಗಿ ಕೈ ಎತ್ತಿದರು. ನಾನು ಕಣ್ಣೊರೆಸಿಕೊಂಡು ನೋಡಿದಾಗ ಗೇಟಿನ ಹತ್ತಿರ ಮಗ ಇರಲಿಲ್ಲ.

ಮಾತನ್ನು ಅವರು ಉಳಿಸಿಕೊಂಡರು. ಪಂಚಾಯ್ತಿಯ ಅಧಿಕಾರ ಮುಂದಿನ ಚುನಾವಣೆಗೇ ಹೋಯಿತು, ತಲೆಕೆಡಿಸಿಕೊಳ್ಳಲಿಲ್ಲ. ಡೈರೆಕ್ಟರ್‌ಗಿರಿ ಮಾತ್ರ ಕೋಲು ಹಿಡಿದು ನಡೆಯುವಂತಾದರೂ ಬಿಡಲಿಲ್ಲ. ಪ್ರತಿ ತಿಂಗಳ ಮೀಟಿಂಗ್ ಮುಗಿದ ಮೇಲೆ ನನ್ನ ಟೇಬಲ್ಲಿನ ಎದುರು ಕೂತು ಚಹಾ ಕುಡಿಯುವರು. ಮಗ ಗದಗಿನಲ್ಲಿ ಅರಳೆ ಅಂಗಡಿ ಸೇರಿದ್ದಾನೆಂದು ಕೇಳಿದ್ದೆ. ಹೇಗಿದ್ದಾನೆ ಎಂದರೆ, ಆರಾಮ ಅದಾನ ತಂಗಿ ಎನ್ನುವರು. ಎಂಥ ಅಪ್ಪ, ಎಂಥ ಮಗ ಎಂದು ನಾನು ಮನೆಯಲ್ಲಿ ಹೊಗಳಿದ್ದೇ ಹೊಗಳಿದ್ದು.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು, ಡೈರೆಕ್ಟರ್ ಆಗಿಯೇ. ಸಂಘದ ಮಾಲೆ ಹಿಡಿದು ಹೋದೆ. ಗೋಡೆಗೆ ಒರಗಿ ಕೂತಿದ್ದ ಮಗನಿಗೆ ಎರಡು ಸಮಾಧಾನದ ಮಾತು ಹೇಳೋಣವೆಂದು ಹೆಜ್ಜೆ ಇಟ್ಟೆ. ಅಧ್ಯಕ್ಷರ ಹೆಂಡತಿ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದರು.

"ಅವನ ಮುಂದ ಹೋಗಬ್ಯಾಡವ್ವಾ. ಆ ಮಹಾಸಭಾದ ದಿನಾ ಮನಿ ಬಿಟ್ಟಾಂವ ಇವತ್ತ ಬಂದಾನ. ಅಪ್ಪನ ಜೋಡಿ ಒಂದ ಮಾತು ಆಡಿದ್ದಿಲ್ಲ."

ಅಷ್ಟು ವರ್ಷ ಎದುರಿಗೇ ಕೂತು ಚಹಾ ಕುಡಿದವರು ನನಗೇಕೆ ಒಂದು ಮಾತು ಹೇಳಲಿಲ್ಲ ಎಂದು ಹೇಗೋ ಕೇಳಿದೆ.

"ಹೇಳಿದ್ರ ನೀ ನೌಕರಿ ಬಿಟ್ಟ ಹೊಕ್ಕೀ ಅಂತ ಅಂಜತಿದ್ರು," ಎಂದರು ಆಕೆ.

ಬಿಡುತ್ತಿದ್ದೆನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬಿಡುತ್ತೇನೆಂದು ಅವರು ನಂಬಿದ್ದರು.