ಗಾದಿಯಲ್ಲಿ ನನ್ನ ಪಾಲು

ನಮ್ಮ ನಾಯಿಗೊಂದು ಗಾದಿ ಹುಡುಕಲು ಹೋಗಿ ನಾನು ಅಣ್ಣನನ್ನು ಕಳೆದುಕೊಂಡೆ. ಅದಕ್ಕೆ ದುಃಖವೇನೂ ಆಗಲಿಲ್ಲ. ಸಿಟ್ಟು ಬಂತು, ಅದು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಹುಮನಾಬಾದಿನಲ್ಲಿ ನಮ್ಮದು ಬೇಳೆ ಗಿರಣಿ. ಗಿರಣಿ ಕಾಯಲೆಂದು ನನ್ನ ಗಂಡ ತಂದ ನಾಯಿ ಬೆಳೆದು ಬೆಳೆದು ಹೋರಿಗರುವಿನಷ್ಟಾಯಿತು. ಗಿರಣಿ ಕಾಯುವುದು ಬಿಟ್ಟು ನನ್ನ ಬೆನ್ನು ಹಿಡಿದು ಮನೆಯೊಳಗೆ ಬಂದು ನೆಲೆಸಿತು. ವಯಸ್ಸಾದಂತೆ ಅದರ ಟೊಂಕ ಸವೆಯಿತು. ನಮ್ಮ ಮನೆಯ ನೆಲವೆಲ್ಲ ಶಹಾಬಾದಿ ಫರಸಿ, ನುಣ್ಣನೆಯ ಕಲ್ಲು. ಏಳಲು ಹೋದರೆ ಹಿಂಗಾಲುಗಳು ಜಾರಿ ಒಂದೊಂದು ದಿಕ್ಕಿಗೆ ಹೋಗುತ್ತಿದ್ದವು. ಕಲ್ಲಿಗೆ ಉಜ್ಜಿ ಉಜ್ಜಿ ಮೊಣಕಾಲಲ್ಲಿ ಹುಣ್ಣು. ಹೊಟ್ಟೆಯ ಕೆಳಗೆ ಟವೆಲ್ ತೂರಿಸಿ ಗಂಡ ಹೆಂಡತಿ ಇಬ್ಬರೂ ಎತ್ತಿದರೆ ಮಾತ್ರ ಅದು ನಿಲ್ಲುತ್ತಿತ್ತು.

ದನದ ದವಾಖಾನೆಯ ಡಾಕ್ಟರು ಮನೆಗೆ ಬಂದು ನೋಡಿದರು. ಗಟ್ಟಿ ಹಾಸಿಗೆ ಹಾಕಬೇಕು, ಮೈಭಾರಕ್ಕೆ ಒತ್ತಿ ನೆಲ ತಾಗಬಾರದು, ಎತ್ತರ ಇರಬಾರದು, ಕಾಲು ಚಾಚಿ ಮಲಗುವಷ್ಟು ಉದ್ದ ಬೇಕು ಎಂದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಚೀಲ ಕಟ್ಟುತ್ತ ಇನ್ನೊಂದು ಮಾತು ಹೇಳಿದರು.

"ದೀಪಾವಳಿ ತನಕ ನೋಡ್ರಿ. ಅಷ್ಟರಾಗ ತಾನಾಗಿ ಏಳಲಿಲ್ಲ ಅಂದ್ರ ಒಂದು ಇಂಜೆಕ್ಷನ್ ಕೊಟ್ಟು ಬಿಡೋಣ್ರಿ. ಪಾಪ, ಯಾಕ ಒದ್ದಾಡಸ್ತೀರಿ?"

ಆ 'ಪಾಪ' ಕೇಳಿ ನನ್ನ ಮೈಯೆಲ್ಲ ಉರಿಯಿತು. ಒಲೆಯ ಮೇಲಿದ್ದ ಚಹಾ ಒಲೆಯ ಮೇಲೆಯೇ ಇರಲಿ ಎಂದು ಬಿಟ್ಟೆ. ಅವರು ಹಾಗೆಯೇ ಹೋದರು.

ಮೊದಲು ಫೋನಿನಲ್ಲಿ ನೋಡಿ ಒಂದನ್ನು ತರಿಸಿದೆ. ಕೀಲುನೋವಿನ ದೊಡ್ಡ ನಾಯಿಗಳಿಗೆಂದೇ ಮಾಡಿದ್ದಂತೆ. ಯಾರ ಮನೆಯ ದೊಡ್ಡ ನಾಯಿಯೋ! ನಮ್ಮದರ ತಲೆ ಮತ್ತು ಎದೆ ಅದರ ಮೇಲೆ ಹಿಡಿಸಿದವು, ಉಳಿದದ್ದೆಲ್ಲ ಫರಸಿಯ ಮೇಲೆ. ಮುಷ್ಟಿಯಿಂದ ಒತ್ತಿದೆ, ಟಕ್ಕೆಂದು ನೆಲ ಬೆರಳಿಗೆ ಬಡಿಯಿತು. ಡಬ್ಬಿಗೆ ತುರುಕಿ ವಾಪಸು ಕಳಿಸಿದೆ.

ಆಮೇಲೆ ಬಜಾರಿನ ಗಾದಿ ಹೊಲಿಯುವವನ ಬಳಿ ಹೋದೆ. ನಮ್ಮ ಕಡೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಜೊತೆಗೊಂದು ಗಾದಿ ಕೊಡುತ್ತಾರೆ. ಅದು ಎಷ್ಟು ಉಬ್ಬಿರುತ್ತದೋ ತವರಿಗೆ ಅಷ್ಟು ಮರ್ಯಾದೆ. ಡಾಕ್ಟರ ಮೇಲಿನ ಸಿಟ್ಟಿಗೆ ನಾನು, ನನ್ನ ನಾಯಿಗೂ ಮದುವೆ ಗಾದಿಯಂಥದ್ದೇ ಹೊಲಿ ಎಂದೆ. ಅವನು ಕೈ ಬಿಚ್ಚಿ ಅರಳೆ ತುಂಬಿದ. ನಾಯಿ ಅದರಲ್ಲಿ ಕೆಸರಿಗಿಳಿದ ಎಮ್ಮೆಯ ಹಾಗೆ ಹೂತುಹೋಯಿತು. ಕಾಲೂರಿದಲ್ಲೆಲ್ಲ ಒಳಗೆ ಇಳಿಯುತ್ತಿತ್ತು. ಎತ್ತಲು ಗಿರಣಿಯ ಹಮಾಲರನ್ನೇ ಕರೆಯಬೇಕಾಯಿತು. ಎದುರು ಮನೆಯಾಕೆ ಅಂಗಳದಲ್ಲಿ ನಿಂತು, ನಾಯಿ ಒಯ್ದು ಪಲ್ಲಕ್ಕಿ ಮ್ಯಾಲ ಕೂಡಿಸಿದ್ರ, ಎಂದು ಅರ್ಧ ಗಾದೆ ಹೇಳಿ ನಕ್ಕಳು. ಪೂರ್ತಿ ಹೇಳು ಎಂದು ನಾನು ಬಾಗಿಲಿಗೇ ಹೋದೆ. ಒಳಗೆ ಹೋಗಿ ಕದ ಹಾಕಿಕೊಂಡಳು.

ದೀಪಾವಳಿ ಹತ್ತಿರ ಬರುತ್ತಿತ್ತು. ಬಸವಕಲ್ಯಾಣದಲ್ಲಿ ಇನ್ನೊಬ್ಬ ಡಾಕ್ಟರಿದ್ದಾರೆಂದು ಕೇಳಿ, ಗಿರಣಿಯ ಟೆಂಪೋದಲ್ಲಿ ನಾಯಿಯನ್ನು ಹಾಕಿಕೊಂಡು ಹೋದೆ. ಅವರೂ ಇಂಜೆಕ್ಷನ್ನಿನ ಮಾತನ್ನೇ ಹೇಳಿದರು. ತಿರುಗಿ ಬರುವಾಗ ಬಿಸಿಲಿಗೆ ನಾಯಿ ನಾಲಿಗೆ ಚಾಚಿತ್ತು. ನೀರು ಕುಡಿಸೋಣ ಎಂದು ದಾರಿಯಲ್ಲಿದ್ದ ನನ್ನ ತವರಿನವರ, ರೈತರ ಕಾಳು ಮಾರಿಕೊಡುವ ಅಡತಿ ಅಂಗಡಿಯ ಮುಂದೆ ನಿಲ್ಲಿಸಿದೆ. ಅಪ್ಪ ನಡೆಸುತ್ತಿದ್ದ ಅಂಗಡಿ, ಈಗ ಅಣ್ಣನದು.

ಅಪ್ಪ ಜೀವಮಾನವೆಲ್ಲ ಅಲ್ಲಿ ಒಂದೇ ಗಾದಿಯ ಮೇಲೆ ಕೂತು ವ್ಯಾಪಾರ ಮಾಡಿದ್ದ. ಕೂತು ಕೂತು ಅದರ ಅರಳೆ ಹಲಗೆಯಾಗಿತ್ತು. ಅಣ್ಣ ಬಂದವನೇ ಟೇಬಲ್ಲು, ತಿರುಗುವ ಕುರ್ಚಿ ಹಾಕಿಸಿಕೊಂಡ. ಗಾದಿ ಬಿಳಿ ಹೊದಿಕೆ ಹೊದ್ದು ಮೂಲೆಯಲ್ಲಿತ್ತು. ದಿನವೂ ಊದಿನಕಡ್ಡಿ, ದೀಪಾವಳಿ ಪಾಡ್ಯಕ್ಕೆ ದೊಡ್ಡ ಪೂಜೆ. ಕೂಡುವವರು ಮಾತ್ರ ಯಾರೂ ಇಲ್ಲ.

ಟೆಂಪೋದಿಂದ ಇಳಿಸಿ ನಿಲ್ಲಿಸಿದ ನಾಯಿ ನೀರು ಕುಡಿಯಿತು, ತೂರಾಡುತ್ತ ಒಳಗೆ ನಡೆಯಿತು, ಸೀದಾ ಹೋಗಿ ಆ ಗಾದಿಯ ಮೇಲೆ ಕಾಲು ಚಾಚಿ ಮಲಗಿತು. ನಾನು ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಣ್ಣ ಕುರ್ಚಿ ಒದ್ದು ಎದ್ದ. ಚೀಲ ಎಣಿಸುವವರೆಲ್ಲ ತಿರುಗಿ ನೋಡುವಂತೆ ಕೂಗುತ್ತ, ಬಾಗಿಲ ಹಿಂದಿನ ಕೋಲು ಎತ್ತಿಕೊಂಡು ಬಂದ. ನಾಯಿ ತಲೆ ಎತ್ತಿ ಅವನನ್ನು ನೋಡಿತು. ಮುಂಗಾಲು ಊರಿತು. ಹಿಂಗಾಲು ನಡುಗಿದವು, ಜಾರಲಿಲ್ಲ. ಎದ್ದು ನಿಂತಿತು. ಯಾರೂ ಎತ್ತದೆ, ತಾನೇ. ನನ್ನ ಕೈಯಲ್ಲಿದ್ದ ಟವೆಲ್ ಕೈಯಲ್ಲೇ ಇತ್ತು.

"ಅಣ್ಣಾ, ಆ ಗಾದಿ ನನಗ ಕೊಡು," ಎಂದೆ.

"ಅಪ್ಪ ಕುಂತ ಗಾದಿ ಮ್ಯಾಲ ನಾಯಿ ಮಲಗಸ್ತಿ? ನಾಚಿಕಿ ಅದ ಏನು ನಿನಗ?"

"ಅಪ್ಪ ಹೋದ ಮ್ಯಾಲ ನೀ ಅದರ ಮ್ಯಾಲ ಒಂದ ದಿನಾನಾದ್ರೂ ಕುಂತೀ? ಹೊಲದಾಗ ಪಾಲು ಕೇಳಲಿಲ್ಲ, ಮನ್ಯಾಗ ಕೇಳಲಿಲ್ಲ. ಇದು ನನ್ನ ಪಾಲು."

ಹೊಲ ಕೇಳಿದ್ದರೆ ಅವನಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಹೊಲ ಕೇಳಿದ ತಂಗಿಯರು ಊರಲ್ಲಿ ಬೇಕಾದಷ್ಟಿದ್ದಾರೆ. ಅಪ್ಪನ ಗಾದಿ ಮಗನಿಗೆ. ಮಗಳು ಅದನ್ನು ಕೇಳುವುದಿಲ್ಲ, ಅದೂ ನಾಯಿಗೆ. ಅಣ್ಣ ಕೋಲು ಬಿಸಾಡಿ, ಗಾದಿಯನ್ನು ತಾನೇ ಸುತ್ತಿ, ಹಮಾಲರ ಕೈಗೂ ಕೊಡದೆ ಹೊತ್ತು ತಂದು ಟೆಂಪೋದಲ್ಲಿ ಒಗೆದ.

"ಒಯ್ಯಿ. ಇನ್ನ ಮ್ಯಾಲ ಈ ಮೆಟ್ಟಲ ಹತ್ತಬ್ಯಾಡ."

ಹತ್ತುವುದೂ ಇಲ್ಲ ಎಂದೆ. ದಾರಿಯುದ್ದಕ್ಕೂ ಅವನನ್ನು ಬೈಯುತ್ತ ಬಂದೆ.

ಅಂದಿನಿಂದ ನಾಯಿ ದಿನವೂ ತಾನೇ ಏಳತೊಡಗಿತು. ಒಮ್ಮೊಮ್ಮೆ ಹೊತ್ತು ಹಿಡಿಯುತ್ತಿತ್ತು, ಆದರೆ ಏಳುತ್ತಿತ್ತು. ಡಾಕ್ಟರಿಗೆ ಫೋನು ಮಾಡಿ, ನಿಮ್ಮ ಇಂಜೆಕ್ಷನ್ ನಿಮ್ಮ ಹತ್ತಿರವೇ ಇರಲಿ ಎಂದೆ.

ಪಾಡ್ಯದ ಬೆಳಿಗ್ಗೆ ಬಾಗಿಲಲ್ಲಿ ಅಣ್ಣ ನಿಂತಿದ್ದ. ಕೈಯಲ್ಲಿ ಅವನ ಹೆಂಡತಿ, ನನ್ನ ವೈನಿ, ಕಟ್ಟಿಕೊಟ್ಟ ಪೂಜೆಯ ತಟ್ಟೆ. ನನ್ನ ಮುಖ ನೋಡಲಿಲ್ಲ. ಗಾದಿ ಎಲ್ಲಿದೆ ಎಂದೂ ಕೇಳದೆ ಒಳಗೆ ಬಂದ. ನಾಯಿ ಅದರ ಮೇಲೆ ಉದ್ದಕ್ಕೆ ಮಲಗಿತ್ತು.

"ಎಬ್ಬಸು ಅದನ್ನ."

"ನಾ ಎಬ್ಬಸಂಗಿಲ್ಲ. ಏಳಬೇಕಂದ್ರ ಅದೇ ಏಳ್ತದ."

ತಟ್ಟೆಯಲ್ಲಿನ ದೀಪ ಆರುತ್ತ ಬಂತು. ಅಣ್ಣ ಅಂಗೈ ಅಡ್ಡ ಹಿಡಿದ. ನಾಯಿ ಅವನ ಕಡೆ ನೋಡಿತು, ಮುಂಗಾಲು ಊರಿತು, ಹಿಂಗಾಲು ನಡುಗಿಸುತ್ತ ಎದ್ದಿತು. ಕೆಳಗಿಳಿದು ಗೋಡೆಗೆ ಮೈ ಆನಿಸಿ ನಿಂತಿತು.

ಅಣ್ಣ ಕೂತು ಹೊದಿಕೆಯ ಮೇಲಿನ ಕೂದಲು ಒಂದೊಂದಾಗಿ ಆರಿಸಿದ. ವಿಭೂತಿ ಹಚ್ಚಿದ, ಕುಂಕುಮ ಇಟ್ಟ, ಕಾಯಿ ಒಡೆದ, ಹಣೆ ಮುಟ್ಟಿಸಿ ನಮಸ್ಕಾರ ಮಾಡಿದ. ಹಣೆ ಎತ್ತಲು ಬಹಳ ಹೊತ್ತು ಮಾಡಿದ. ನಾಯಿ ಬಂದು ಅವನ ಬೆನ್ನು ಮೂಸಿತು. ಅವನು ದೂಡಲಿಲ್ಲ, ಮುಟ್ಟಲೂ ಇಲ್ಲ.

ಚಹಾ ಕುಡಿ ಎಂದು ನಾನು ಕರೆಯಲಿಲ್ಲ. ಹೊಸ್ತಿಲು ದಾಟುವಾಗ ತಿರುಗದೆಯೇ ಅಂದ:

"ಮುಂದಿನ ವರ್ಷಾನೂ ಇಲ್ಲೇ ಬರಬೇಕಾಗ್ತದ ನಾ. ಅಲ್ಲೀತನಕ ಅದನ್ನ ಸಾಯಗೊಡಬ್ಯಾಡ."