ಅತ್ತೆಗೆ ಮುದ್ದೆ, ಇಮೇಲಿನಲ್ಲಿ ಕಲಿತದ್ದು

ನಮ್ಮದು ರಿಜಿಸ್ಟ್ರಾರ್ ಆಫೀಸಿನ ಮದುವೆ. ನಾನು ಕಲಬುರಗಿ ಕಡೆಯವಳು, ಗಂಡ ಹೊರಮಾವಿನ ಹಳೇ ರೈತರ ಮನೆಯವನು. ಅತ್ತೆ ಮದುವೆಗೆ ಬರಲಿಲ್ಲ. ನಾವು ಕಮ್ಮನಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಹೊರಮಾವು ಅಲ್ಲಿಂದ ಏನು ಮಹಾ ದೂರ, ಆದರೂ ತಿಂಗಳುಗಟ್ಟಲೆ ಆ ಮನೆಯವರು ಇತ್ತ ಬರಲಿಲ್ಲ, ನಮ್ಮನ್ನು ಅತ್ತ ಕರೆಯಲೂ ಇಲ್ಲ. ಒಂದು ಗುರುವಾರ ಗಂಡ ಮುಖ ಅರಳಿಸಿಕೊಂಡು ಬಂದ.

"ಅಮ್ಮ ಭಾನುವಾರ ಊಟಕ್ಕೆ ಬರ್ತಾರಂತೆ. ಮುದ್ದೆ ಮಾಡ್ಬಿಡು, ಖುಷಿಯಾಗ್ತಾರೆ" ಎಂದ.

ನನ್ನ ಜೀವ ಬಾಯಿಗೆ ಬಂತು. ಜೋಳದ ರೊಟ್ಟಿಯಾದರೆ ಕಣ್ಣು ಮುಚ್ಚಿಕೊಂಡು ಬಡಿದೇನು. ಮುದ್ದೆಯನ್ನು ತಟ್ಟೆಯಲ್ಲಿ ಕಂಡಿದ್ದೆನೇ ಹೊರತು ಒಲೆಯ ಮೇಲೆ ಕಂಡವಳಲ್ಲ. ಆ ಮನೆಯ ಸೊಸೆ ಎನ್ನಿಸಿಕೊಳ್ಳಲು ಸಿಕ್ಕ ಮೊದಲ ಅವಕಾಶ ಇದು, ಕೆಟ್ಟರೆ ಇನ್ನೊಂದು ಸಿಗಲಿಕ್ಕಿಲ್ಲ ಎಂದು ಹೆದರಿದೆ.

"ಹೆಂಗ ಮಾಡೂದ್ರಿ ಅದನ್ನ?"

"ಅಮ್ಮ ಮಾಡ್ತಾರೆ, ನಾನು ನುಂಗ್ತೀನಿ. ನಂಗೆ ಅಷ್ಟೇ ಗೊತ್ತು."

ಇಂಥ ಗಂಡನನ್ನು ಕಟ್ಟಿಕೊಂಡು ಇನ್ಯಾರನ್ನು ಕೇಳಲಿ? ಕೆಳಮನೆಯ ಓನರ್ ಆಂಟಿ ತಮಿಳರು, ಇಡ್ಲಿಯಲ್ಲಿ ಎತ್ತಿದ ಕೈ. ಪಕ್ಕದವರು ಕೇರಳದವರು. ಆದರೆ ಇಂದಿರಾನಗರದ ನನ್ನ ಆಫೀಸಿನ ಕಂಪ್ಯೂಟರಿನಲ್ಲಿ ಆಗ ನನಗೊಂದು ಬಳಗವೇ ಇತ್ತು. ಕನ್ನಡದವರ ಇಮೇಲ್ ಗುಂಪು, ಒಬ್ಬರು ಬರೆದದ್ದು ಎಲ್ಲರಿಗೂ ಹೋಗುತ್ತಿತ್ತು. ಯಾರೂ ಯಾರ ಮುಖವನ್ನೂ ಕಂಡಿರಲಿಲ್ಲ. ಕುಕ್ಕರ್ ಕೂಗದಿದ್ದರೆ, ಹೆಪ್ಪು ಹಾಕಿದ ಹಾಲು ಮೊಸರಾಗದಿದ್ದರೆ ನಾನು ಮೊದಲು ಅಲ್ಲೇ ಕೇಳುತ್ತಿದ್ದೆ. ಎದುರಿಗಿರುವವರನ್ನು ಕೇಳಿದರೆ "ಇಷ್ಟೂ ಬರಲ್ವಾ" ಎನ್ನುವಂತೆ ಹುಬ್ಬೇರಿಸುತ್ತಾರೆ. ಇಮೇಲಿನಲ್ಲಿ ಆ ಕಾಟವಿಲ್ಲ.

ಶುಕ್ರವಾರ ಊಟದ ಬಿಡುವಿನಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ನನ್ನ ಸಂಕಟ ತೋಡಿಕೊಂಡೆ. ಶನಿವಾರ ನೋಡಿದರೆ ಯುದ್ಧವೇ ನಡೆದಿತ್ತು. ನೀರು ಕುದಿಯುವಾಗ ಹಿಟ್ಟು ಸುರಿದು ಮುಟ್ಟದೆ ಬಿಡಬೇಕು ಎಂದು ಮಂಡ್ಯದವರೊಬ್ಬರು. ಮೊದಲು ಚೂರು ಹಿಟ್ಟು ಕದಡಿ ಅಂಬಲಿ ಮಾಡಿಕೊಳ್ಳದಿದ್ದರೆ ಅದು ಮುದ್ದೆಯೇ ಅಲ್ಲ ಎಂದು ತುಮಕೂರಿನಾಕೆ. ಅನ್ನದ ಅಗುಳು ಸೇರಿಸಿ ಎಂದ ದುಬೈಯವರ ಮೇಲೆ ಇಬ್ಬರೂ ಒಟ್ಟಾಗಿ ಮುಗಿಬಿದ್ದಿದ್ದರು. ನನಗೋ ಪ್ರೀತಿ ಉಕ್ಕಿ ಬಂತು. ನನ್ನ ಒಂದು ಊಟಕ್ಕಾಗಿ ಇವರೆಲ್ಲ ಹೀಗೆ ಕಿತ್ತಾಡುತ್ತಿದ್ದಾರಲ್ಲ!

ಭಾನುವಾರ ಕೋಲಿನಲ್ಲಿ ತಿರುವುವ ತನಕ ಎಲ್ಲ ಮಂಡ್ಯದವರು ಹೇಳಿದಂತೆಯೇ ನಡೆಯಿತು. ಉಂಡೆ ಕಟ್ಟುವಾಗ ಕೆಲಸ ಕೆಟ್ಟಿತು. ಅಂಟಿಕೊಂಡರೆ ಒಣ ಹಿಟ್ಟು ಉದುರಿಸುವುದು ರೊಟ್ಟಿ ಬಡಿಯುವ ನಮ್ಮ ಚಾಳಿ. ಮುದ್ದೆಗಾದರೆ ಕೈ ಒದ್ದೆ ಮಾಡಿಕೊಳ್ಳಬೇಕಂತೆ. ಅಷ್ಟು ಜನರಲ್ಲಿ ಒಬ್ಬರೂ ಅದನ್ನು ಬರೆದಿರಲಿಲ್ಲ, ಹೇಳಬೇಕಾದ ಮಾತು ಎಂದು ಅವರಿಗೆ ಹೊಳೆದೂ ಇರಲಿಕ್ಕಿಲ್ಲ. ನಾನು ಧಾರಾಳವಾಗಿ ಹಿಟ್ಟು ಉದುರಿಸಿ, ಉರುಳಿಸಿ, ಅಭ್ಯಾಸಬಲದಿಂದ ಮೇಲೆ ಎರಡೇಟು ತಟ್ಟಿ, ಅತ್ತೆಯ ತಟ್ಟೆಗೆ ಇಟ್ಟೆ.

ಅತ್ತೆ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಕೆಮ್ಮಿದರು. ನೀರು ಕುಡಿದರು.

"ಇದೇನಮ್ಮ, ಮುದ್ದೆಗೆ ಪೌಡರ್ ಹಾಕಿದೀಯ?"

ಗಂಡ ತಲೆ ಎತ್ತಲಿಲ್ಲ. ನನಗೆ ಅಳುವೇ ಬಂದುಬಿಟ್ಟಿತು.

"ಯಾರು ಹೇಳ್ಕೊಟ್ಟಿದ್ದು ನಿಂಗೆ?"

"ಕಂಪ್ಯೂಟರ್‌ನಾಗಿನ ಗೆಳ್ಯಾರ್ರಿ, ಅತ್ತಿ."

"ಅವ್ರನ್ನ ನೋಡಿದೀಯಾ?"

"ಇಲ್ರಿ. ಒಬ್ಬರು ದುಬೈದಾಗ ಇರ್ತಾರ, ಒಬ್ಬರು ಮಂಡ್ಯದಾಗ."

"ಮುಖ ನೋಡ್ದೇ ಇರೋರು ನಿಂಗೋಸ್ಕರ ಕೂತು ಬರೆದ್ರಾ? ಏನ್ ಕೇಳಿದ್ರೂ ಹೇಳ್ತಾರಾ?"

"ಹೇಳ್ತಾರ್ರಿ."

ಅತ್ತೆ ಇನ್ನೊಂದು ತುತ್ತು ಮುರಿದರು. ಹೊರಗಿನ ಹಿಟ್ಟನ್ನು ಬೆರಳಲ್ಲಿ ಒರೆಸಿ ನುಂಗಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

"ಹಂಗಾದ್ರೆ ಒಂದು ಮಾತು ಕೇಳು ಅವ್ರನ್ನ. ಒಬ್ಬಳು ಅತ್ತೆ, ಮಗನ ಮದುವೆಗೆ ಅಂತ ಸೊಸೆಗೆ ಸೀರೆ ತಂದ್ಲು. ಆಮೇಲೆ ಹಠಕ್ಕೆ ಬಿದ್ದು ಮದುವೆಗೇ ಹೋಗ್ಲಿಲ್ಲ. ಸೀರೆ ಇನ್ನೂ ಬೀರುನಲ್ಲೇ ಇದೆ. ಈಗ ಕೊಟ್ರೆ ಆ ಹುಡುಗಿ ಉಟ್ಕೋತಾಳಾ ಅಂತ."

ಗಂಡ ಈಗ ತಲೆ ಎತ್ತಿದ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಅವ್ರಿಗೆ ಕೇಳೂದೇನ್ ಬ್ಯಾಡ್ರಿ, ಅತ್ತಿ. ಬರೂ ಐತವಾರ ಹೊರಮಾವಿಗೆ ನಾನೇ ಬರ್ತೀನಿ, ಉಟ್ಕೊಂಡೇ ಊಟಕ್ಕ ಕೂಡ್ತೀನಿ."

"ಬಾ" ಎಂದರು ಅತ್ತೆ. "ಮುದ್ದೆ ಮಾತ್ರ ನಾನೇ ಮಾಡ್ತೀನಿ."