ಬಾವಿಕಟ್ಟೆಯ ಮೊಟ್ಟೆಗಳು

ಗೆಳೆಯರೇ, ಇವತ್ತು ಬೆಟ್ಟದಪುರದಲ್ಲಿ ಮನೆಯೊಡತಿ ನಿಂಗಮ್ಮನವರ ಜೊತೆ ಸಣ್ಣ ತಕರಾರಾಯಿತು. ಅವರ ಬಾವಿಕಟ್ಟೆಯ ಪಾಚಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ, ನೀರುಕರಡಿ ಎಂಬ ಎಂಟು ಕಾಲಿನ ಜೀವಿಗಳಿವೆ. ಮೈಸೂರಿನಿಂದ ಹೊತ್ತು ತಂದ ಹಿತ್ತಾಳೆಯ ಸೂಕ್ಷ್ಮದರ್ಶಕದಲ್ಲಿ ಅವುಗಳ ಉಗುರು, ಬಾಯಿನಾಳ ಎಲ್ಲ ನೋಡಿದರೂ ಒಂದನ್ನೊಂದು ಹೋಲುವ ಎರಡು ಜಾತಿಗಳಲ್ಲಿ ಇದು ಯಾವುದೆಂದು ತಿಳಿಯಲಿಲ್ಲ. ಇನ್ನು ಮೊಟ್ಟೆಯ ಮೇಲಿನ ಮುಳ್ಳುಗಳೇ ಹೇಳಬೇಕು. ಮೊಟ್ಟೆ ಹುಡುಕಲು ಹೋದರೆ ನಿಂಗಮ್ಮನವರು ತೆಂಗಿನ ನಾರು ಹಿಡಿದು ಪಾಚಿ ಉಜ್ಜಲು ಕೂತಿದ್ದರು.

“ಉಜ್ಜಬೇಡಿ ಅಮ್ಮ, ಅದರಲ್ಲಿ ಮೊಟ್ಟೆಗಳಿವೆ,” ಎಂದೆ.

“ಮೊದ್ಲೇ ಯೋಳ್ಬಾರ್ದಾ ಮೇಷ್ಟ್ರೆ?” ಎಂದವರೇ, ಕಾವಿಗೆ ಕೂತ ಕೋಳಿಯ ಮೇಲೆ ಮುಚ್ಚುವ ಮಂಕರಿ ತಂದು ಪಾಚಿಯ ಮೇಲೆ ಕವುಚಿದರು.

ನಾನು ಚಿಮಟ ಹಿಡಿದು ಮಂಕರಿ ಎತ್ತಲು ಹೋದೆ. ಕೈ ತಳ್ಳಿದರು.

“ಮರಿ ಆಗೋಗಂಟ ಯಾರೂ ಮುಟ್ಟಂಗಿಲ್ಲ ಕಣ್ರೀ. ನೀವೂವೆ.”

ಪಾಚಿಯೇನೋ ಉಳಿಯಿತು. ಈಗ ಕಾವಿಗೆ ಕೂತಿರುವುದು ನಾನು.